ಹಳೆ ಗುಳಿಗೆ, ಹೊಸ ಗುಳಿಗೆ: ಶಿರಸಿ ಸೀಮೆಯ ಒಂದು ಐಟಿಪಿ ಪ್ರಕರಣ

ಕುಮಟಾದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ಡಾಕ್ಟರ ಚೀಟಿ ಓದಿ ಗುಳಿಗೆ ಕೊಡುವುದೇ ಕೆಲಸ. ಗುಳಿಗೆಗಳ ಬಗ್ಗೆ ಒಂದಿಷ್ಟು ಗೊತ್ತು ಅಂದುಕೊಂಡಿದ್ದೆ. ಸ್ವಂತ ತಂಗಿಗೇ ಐಟಿಪಿ ಅನ್ನುವ, ಪ್ಲೇಟ್‌ಲೆಟ್ ಇಳಿದು ರಕ್ತ ಸೋರುವ ಕಾಯಿಲೆ ಬಂದಾಗ, ಗೊತ್ತಿರುವುದಕ್ಕೂ ನಿರ್ಧಾರ ಮಾಡುವುದಕ್ಕೂ ಎಷ್ಟು ಅಂತರ ಇದೆ ಅಂತ ತಿಳಿಯಿತು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಕಾಯಿಲೆ ಶುರುವಾದಾಗ ಅವಳಿಗೆ 33 ವರ್ಷ, ತೂಕ 52 ಕಿಲೋ. ಶಿರಸಿಯಿಂದ ಸುಮಾರು 20 ಕಿ.ಮೀ. ಒಳಗೆ ಅಡಿಕೆ ತೋಟದ ಮನೆ. ಗಂಡ, ಅತ್ತೆ, ಮಾವ, 6 ವರ್ಷದ ಮಗಳು. ಮೊದಲು ಯಾವ ದೊಡ್ಡ ಕಾಯಿಲೆಯೂ ಇರಲಿಲ್ಲ.

ಶುರುವಾಗಿದ್ದು ಆಗಸ್ಟ್ ತಿಂಗಳಲ್ಲಿ, ಜೋರು ಮಳೆಯಲ್ಲಿ. ತೋಟಕ್ಕೆ ಹೋದರೆ ಉಂಬಳ, ಅಂದರೆ ನೆಲದ ಜಿಗಣೆ, ಕಚ್ಚುವುದು ನಮ್ಮ ಕಡೆ ಹೊಸತಲ್ಲ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಂಶ ಇರುತ್ತದೆ. ಯಾರಿಗೆ ಕಚ್ಚಿದರೂ ಒಂದಷ್ಟು ಹೊತ್ತು ರಕ್ತ ಸೋರುತ್ತದೆ. ಹಾಗಾಗಿ ಅವಳ ಕಾಲಿನಿಂದ ಬೆಳಿಗ್ಗೆ ಶುರುವಾದ ರಕ್ತ ರಾತ್ರಿ ಊಟದ ಹೊತ್ತಿಗೂ ನಿಲ್ಲದಿದ್ದಾಗ ಯಾರಿಗೂ ಅನುಮಾನ ಬರಲಿಲ್ಲ. "ಉಂಬಳ ಕಚ್ಚಿದ್ದು, ಬಿಡು" ಅಂದರು. ಸುಣ್ಣ ಹಚ್ಚಿದರು. ಆಮೇಲೆ ತೊಡೆಯ ಮೇಲೆ ನೀಲಿ ಕಲೆಗಳು. ಮೀನಖಂಡ ನೋವು ಅಂತ ಒಂದು ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಟ್ಟರು. ಚುಚ್ಚಿದ ಜಾಗ ಅಂಗೈಯಷ್ಟು ಅಗಲ ಕಪ್ಪಾಯಿತು.

ಫೋಟೋ ಕಳಿಸಿದಳು. ಆ ಕಪ್ಪು ಕಲೆಗಿಂತ ನನ್ನ ಕಣ್ಣಿಗೆ ಬಿದ್ದಿದ್ದು ಪಾದದ ಮೇಲಿನ ಚುಕ್ಕೆಗಳು. ಸಾಸಿವೆಗಿಂತ ಸಣ್ಣ, ಕಡುಗೆಂಪು, ನೂರಾರು. "ಒಂದು ಗಾಜಿನ ಲೋಟ ಒತ್ತಿ ನೋಡು, ಮಾಯ ಆಗುತ್ತದಾ?" ಅಂತ ಕೇಳಿದೆ. "ಇಲ್ಲ ಅಕ್ಕಾ, ಹಾಗೇ ಇದೆ" ಅಂದಳು. ಸೊಳ್ಳೆ ಕಚ್ಚಿದ ಕೆಂಪು ಒತ್ತಿದರೆ ಬಿಳಿಚುತ್ತದೆ. ಚರ್ಮದ ಒಳಗೆ ರಕ್ತ ಸೋರಿ ಆದ ಚುಕ್ಕೆ ಬಿಳಿಚುವುದಿಲ್ಲ. ಅವತ್ತೇ ಶಿರಸಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತ ಹೆಪ್ಪುಗಟ್ಟಿಸುವ ಕಣ ಪ್ಲೇಟ್‌ಲೆಟ್ 9,000. ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಇರಬೇಕು.

ನಮ್ಮ ಜಿಲ್ಲೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ಮೂರು ಹೆಸರು ಬರುತ್ತವೆ: ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆ. ಅವಳಿಗೆ ಜ್ವರವೇ ಇರಲಿಲ್ಲ. ಡೆಂಗಿ, ಇಲಿ ಜ್ವರ ಎರಡರ ಪರೀಕ್ಷೆಯೂ ನೆಗೆಟಿವ್. ಮಂಗನ ಕಾಯಿಲೆಯ ಕಾಲ ಅದಲ್ಲ. ಬಿಳಿ ರಕ್ತಕಣ ಸರಿಯಾಗಿತ್ತು, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಅಷ್ಟೇ. ಒಂದೊಂದು ಸಲ ಪರೀಕ್ಷೆಯ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಅನ್ನುವ ರಾಸಾಯನಿಕದಿಂದ ಪ್ಲೇಟ್‌ಲೆಟ್‌ಗಳು ಗುಂಪಾಗಿ ಅಂಟಿಕೊಂಡು, ಮಷಿನ್ ಸುಳ್ಳು ಲೆಕ್ಕ ಕೊಡುತ್ತದೆ. ಅದಕ್ಕೇ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ನೋಡಿದರು. ಗುಂಪು ಇರಲಿಲ್ಲ. ಇದ್ದ ಕೆಲವೇ ಪ್ಲೇಟ್‌ಲೆಟ್‌ಗಳು ದೊಡ್ಡ ದೊಡ್ಡದಾಗಿದ್ದವು. ಬೇರೆ ಕೆಟ್ಟ ಕಣಗಳು ಕಾಣಲಿಲ್ಲ. ಹುಬ್ಬಳ್ಳಿಯ ರಕ್ತರೋಗ ತಜ್ಞೆ ಐಟಿಪಿ ಅಂದರು.

ಐಟಿಪಿ (ಇಮ್ಯೂನ್ ಥ್ರಾಂಬೊಸೈಟೊಪೀನಿಯಾ) ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಪ್ಲೇಟ್‌ಲೆಟ್‌ಗಳ ಮೇಲೆ ಗುರುತು ಹಾಕಿ ಕೊಲ್ಲಿಸುವುದು. ಕೊಲ್ಲುವ ಕೆಲಸ ಜಾಸ್ತಿ ನಡೆಯುವುದು ಎಡ ಪಕ್ಕೆಯ ಕೆಳಗಿರುವ ಗುಲ್ಮದಲ್ಲಿ. ಸಾಮಾನ್ಯವಾಗಿ 7ರಿಂದ 10 ದಿನ ಬದುಕುವ ಪ್ಲೇಟ್‌ಲೆಟ್ ಇಲ್ಲಿ ಕೆಲವೇ ಗಂಟೆಯಲ್ಲೋ ಒಂದೆರಡು ದಿನದಲ್ಲೋ ಮುಗಿದುಹೋಗುತ್ತದೆ. ಇದು ಗೊತ್ತಾದ ಬಗೆ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಅನ್ನುವ ಯುವ ವೈದ್ಯ ಐಟಿಪಿ ಇದ್ದ ಒಬ್ಬ ರೋಗಿಯ ಅರ್ಧ ಲೀಟರಿನಷ್ಟು ರಕ್ತವನ್ನು ತನ್ನ ಮೈಗೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ನೆಲ ಕಚ್ಚಿತು. ಮೈಮೇಲೆ ಚುಕ್ಕೆ ಎದ್ದವು, ಫಿಟ್ಸ್ ಕೂಡ ಬಂತು. ಕೆಲವು ದಿನದ ಮೇಲೆ ಸರಿಹೋದ. ಕೊಲ್ಲುವ ಅಂಶ ರಕ್ತದಲ್ಲೇ ತೇಲಾಡುತ್ತಿದೆ, ಮೂಳೆಮಜ್ಜೆಯ ತಪ್ಪು ಅಲ್ಲ ಅನ್ನುವುದು ಹಾಗೆ ಗೊತ್ತಾಯಿತು. ತಂಗಿಗೆ ಈ ಕಥೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಪ್ಲೇಟ್‌ಲೆಟ್ ಬಾಟ್ಲಿ ಏರಿಸಿದ್ರೆ ಅದನ್ನೂ ತಿಂದುಬಿಡುತ್ತಾ?" ಹೌದು. ಅದಕ್ಕೇ ಈ ಕಾಯಿಲೆಯಲ್ಲಿ ಪ್ರಾಣಕ್ಕೆ ಬರುವಂಥ ರಕ್ತಸ್ರಾವ ಆದಾಗ ಬಿಟ್ಟರೆ ಪ್ಲೇಟ್‌ಲೆಟ್ ಏರಿಸುವುದಿಲ್ಲ. ಅಕ್ಕಪಕ್ಕದವರು ಪ್ರೀತಿಯಿಂದ ತಂದುಕೊಟ್ಟ ಪಪ್ಪಾಯಿ ಎಲೆ ರಸವನ್ನು ನಾವು ಬೇಡ ಅಂದಿದ್ದೂ ಅದಕ್ಕೇ.

ಮೊದಲ ಚಿಕಿತ್ಸೆ ಸ್ಟೀರಾಯ್ಡ್. ದಿನಕ್ಕೆ 50 ಮಿ.ಗ್ರಾಂ ಪ್ರೆಡ್ನಿಸೊಲೋನ್. ಎರಡು ವಾರಕ್ಕೆ 1,12,000 ಆಯಿತು. ಮನೆಯಲ್ಲಿ ಹಬ್ಬ. ಗುಳಿಗೆ ಇಳಿಸುತ್ತಾ ಬಂದ ಹಾಗೆ ನವೆಂಬರ್‌ನಲ್ಲಿ ಮತ್ತೆ 18,000. ಡೆಕ್ಸಾಮೆಥಾಸೋನ್ ಅನ್ನುವ ಇನ್ನೊಂದು ಸ್ಟೀರಾಯ್ಡ್ 40 ಮಿ.ಗ್ರಾಂನಂತೆ ನಾಲ್ಕು ದಿನ ಕೊಟ್ಟರು. ಏರಿತು, ಮತ್ತೆ ಇಳಿಯಿತು. ಆಮೇಲೆ ಸುಮಾರು ಹತ್ತು ತಿಂಗಳು ಅವಳು ದಿನಕ್ಕೆ 10, 15, 20 ಮಿ.ಗ್ರಾಂ ಪ್ರೆಡ್ನಿಸೊಲೋನ್‌ನಲ್ಲೇ ತೂಗಾಡಿದಳು. ಪ್ಲೇಟ್‌ಲೆಟ್ 20,000ದಿಂದ 40,000ದ ನಡುವೆ.

ಆ ಹತ್ತು ತಿಂಗಳು ನಾವೆಲ್ಲ ಸುಮ್ನೆ ಇದ್ದೆವು. ಅದು ನನಗೆ ಇವತ್ತಿಗೂ ನೋವು. ಅಂಗಡಿಯಲ್ಲಿ ಸ್ಟೀರಾಯ್ಡ್ ತಿಂಗಳಾನುಗಟ್ಟಲೆ ತೆಗೆದುಕೊಳ್ಳುವವರನ್ನು ಕಂಡರೆ ಎಚ್ಚರಿಸುವವಳು ನಾನು. ತಂಗಿಯ ವಿಷಯದಲ್ಲಿ "ಲೆಕ್ಕ ತುಂಬಾ ಕೆಳಗೆ ಬೀಳುತ್ತಿಲ್ಲವಲ್ಲ" ಅಂತ ಸಮಾಧಾನ ಮಾಡಿಕೊಂಡೆ. ಅವಳ ಮುಖ ಊದಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಪಾತ್ರೆ ತೊಳೆಯುತ್ತಿದ್ದಳು, ನಿದ್ದೆ ಬರುತ್ತಿರಲಿಲ್ಲ. ಸಕ್ಕರೆ 180 ದಾಟಿತು. ಮಗಳ ಮೇಲೆ ರೇಗಿ, ಆಮೇಲೆ ಹಿತ್ತಲಲ್ಲಿ ಕೂತು ಅಳುತ್ತಿದ್ದಳು. ಈಗ ವೈದ್ಯರು ಹೇಳುವುದು ಸ್ಪಷ್ಟ ಇದೆ. ಅಮೆರಿಕದ ರಕ್ತರೋಗ ತಜ್ಞರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿ, ಐಟಿಪಿಗೆ ಸ್ಟೀರಾಯ್ಡ್ ಕೊಟ್ಟರೆ ಆರು ವಾರದೊಳಗೆ ಮುಗಿಸಿ ಅನ್ನುತ್ತದೆ. ನಾವು ವರ್ಷ ದಾಟಿಸಿದ್ದೆವು.

ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಟ್ಟಿನ ರಕ್ತ ಹತ್ತು ದಿನ ನಿಲ್ಲಲಿಲ್ಲ. ಹಿಮೋಗ್ಲೋಬಿನ್ 7.8, ಪ್ಲೇಟ್‌ಲೆಟ್ 6,000. ಹುಬ್ಬಳ್ಳಿಗೆ ಕರೆದೊಯ್ದೆವು. ಶಿರಸಿಯಿಂದ ಸುಮಾರು 100 ಕಿ.ಮೀ. ದಾರಿ, ಮಳೆಯಲ್ಲಿ ಮೂರು ಗಂಟೆ. 2022ರಲ್ಲಿ ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದಿದ್ದರಲ್ಲ, ಆ ಕೂಗಿನ ಅರ್ಥ ಆ ಮೂರು ಗಂಟೆಯಲ್ಲಿ ನನಗೆ ಸರಿಯಾಗಿ ತಿಳಿಯಿತು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ಹೊಂಡಕ್ಕೂ ನಾನು ಅವಳ ತಲೆ ಹಿಡಿದುಕೊಳ್ಳುತ್ತಿದ್ದೆ. ಪ್ಲೇಟ್‌ಲೆಟ್ ಇಷ್ಟು ಇಳಿದಾಗ ಎಲ್ಲರೂ ಹೆದರುವುದು ಮೆದುಳಿನ ರಕ್ತಸ್ರಾವಕ್ಕೆ. ಅಪರೂಪ ನಿಜ. ಆದರೆ ಕಾರಿನಲ್ಲಿ ಕೂತಾಗ ಅಪರೂಪ ಅನ್ನುವ ಮಾತು ಸಮಾಧಾನ ಕೊಡುವುದಿಲ್ಲ.

ಅಲ್ಲಿ ಎರಡು ದಿನ ಐವಿಐಜಿ ಏರಿಸಿದರು. ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ (ಆಂಟಿಬಾಡಿ) ದ್ರಾವಣ ಅದು. ಬಿಲ್ಲು ಲಕ್ಷ ದಾಟಿತು. ಪ್ಲೇಟ್‌ಲೆಟ್ 95,000ಕ್ಕೆ ಹೋಯಿತು. ಮೂರು ವಾರದಲ್ಲಿ ಮತ್ತೆ 22,000. ಐವಿಐಜಿಯ ಗುಣವೇ ಹಾಗೆ. ಬೆಂಕಿ ಆರಿಸುತ್ತದೆ, ಮನೆ ಕಟ್ಟಿಕೊಡುವುದಿಲ್ಲ.

ಅಕ್ಟೋಬರ್‌ನಲ್ಲಿ ಡಾಕ್ಟರು ಎದುರು ಕೂರಿಸಿಕೊಂಡು ಮಾತಾಡಿದರು. ಹನ್ನೆರಡು ತಿಂಗಳು ದಾಟಿದ್ದರಿಂದ ಇದನ್ನು ದೀರ್ಘಕಾಲದ ಐಟಿಪಿ ಅನ್ನಬೇಕು, ಸ್ಟೀರಾಯ್ಡ್ ಇನ್ನು ಸಾಕು ಅಂದರು. ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಔಷಧಿಗಳ ಹೆಸರು ಹೇಳಿದರು. ತಂಗಿಯ ಅತ್ತೆಯ ಮುಖ ಇಳಿದುಹೋಯಿತು. "ಶಕ್ತಿಯನ್ನೇ ಕಡಿಮೆ ಮಾಡೋ ಗುಳಿಗೆ ಯಾಕೆ ಡಾಕ್ಟ್ರೇ? ಈಗ್ಲೇ ಅವಳು ಸೋತು ಹೋಗಿದ್ದಾಳೆ" ಅಂದರು. ಆ ಹೆಂಗಸು ಸೊಸೆಯನ್ನು ಮಗಳಂತೆ ನೋಡಿಕೊಂಡವರು. ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಮಾಡಿಕೊಡುತ್ತಿದ್ದರು. ಶಕ್ತಿ ಬರಲಿ ಅಂತ.

ಡಾಕ್ಟರು ಅವರತ್ತ ತಿರುಗಿ ಹೇಳಿದ ಮಾತೇ ಈ ಇಡೀ ಪ್ರಕರಣದ ತಿರುವು. "ನೋಡಿ ಅಮ್ಮ, ಅವರು ಒಂದು ವರ್ಷದಿಂದ ನುಂಗುತ್ತಿರುವ ಪ್ರೆಡ್ನಿಸೊಲೋನ್ ಕೂಡ ಶಕ್ತಿ ತಗ್ಗಿಸುವ ಗುಳಿಗೆಯೇ. ಗುಳಿಗೆ ಬೇಕಾ ಬೇಡವಾ ಅನ್ನೋದು ಈಗ ಪ್ರಶ್ನೆ ಅಲ್ಲ. ಯಾವ ಗುಳಿಗೆಯಿಂದ ಕಡಿಮೆ ಹಾನಿ ಅನ್ನೋದು ಪ್ರಶ್ನೆ."

ನಾನು ಔಷಧಿ ಮಾರುವವಳು. ನನಗೂ ಇದು ಹಾಗೆ ಹೊಳೆದಿರಲಿಲ್ಲ. ಹಳೆಯ ಗುಳಿಗೆಯನ್ನು ನಾವು ಮನೆಯ ಸಾಮಾನಿನ ಹಾಗೆ ನೋಡುತ್ತಿದ್ದೆವು. ಹೆದರಿಕೆಯೆಲ್ಲ ಹೊಸದರ ಮೇಲೆ. ದಿನಕ್ಕೆ 15 ಮಿ.ಗ್ರಾಂ ಪ್ರೆಡ್ನಿಸೊಲೋನ್ ಸೋಂಕಿಗೂ ದಾರಿ ಮಾಡುತ್ತದೆ, ಮೂಳೆಯನ್ನೂ ಸವೆಸುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅದನ್ನು ಇಟ್ಟೇ ಬೇರೆಯದನ್ನು ತೂಗಬೇಕಿತ್ತು.

ಆಮೇಲೆ ತೂಗಲು ಕೂತೆವು. ನಾಲ್ಕು ವಾರ ತೆಗೆದುಕೊಂಡೆವು. 

ಏನೂ ಕೊಡದೆ ನೋಡುತ್ತಾ ಇರುವುದು ಕೂಡ ಒಂದು ದಾರಿ. ಪ್ಲೇಟ್‌ಲೆಟ್ 30,000ದ ಮೇಲಿದ್ದು, ರಕ್ತಸ್ರಾವ ಇಲ್ಲದಿದ್ದರೆ ದೊಡ್ಡವರಿಗೆ ಹಾಗೇ ಬಿಡುವುದುಂಟು. ಲೆಕ್ಕಕ್ಕೆ ಚಿಕಿತ್ಸೆ ಅಲ್ಲ, ಮನುಷ್ಯರಿಗೆ ಚಿಕಿತ್ಸೆ. ಆದರೆ ಇವಳಿಗೆ ಪ್ರತಿ ಮುಟ್ಟಿಗೂ ರಕ್ತ ಹೋಗುತ್ತಿತ್ತು. ಡಾಕ್ಟರು "ಮನೇಲಿ ಏನೇನು ಕೆಲಸ ಮಾಡ್ತೀರಿ?" ಅಂತ ಕೇಳಿದಾಗ ಅವಳು ಸುಮ್ಮನೆ ಎಡಗೈ ಹೆಬ್ಬೆರಳು ತೋರಿಸಿದಳು. ಹಿಂದಿನ ಸುಗ್ಗಿಯಲ್ಲಿ ಅಡಿಕೆ ಸುಲಿಯುವಾಗ ಆದ ಗಾಯದ ಗುರುತು. ಮೆಟ್ಟುಗತ್ತಿ ನೋಡದವರಿಗೆ ಹೇಳಬೇಕು. ಮಣೆಗೆ ಕೂರಿಸಿದ ಅಲಗು ಮೇಲ್ಮುಖವಾಗಿ ನಿಂತಿರುತ್ತದೆ. ಹಸಿ ಅಡಿಕೆಯನ್ನು ಅದಕ್ಕೆ ಒತ್ತಿ ತಿರುಗಿಸಿ ಸಿಪ್ಪೆ ಬಿಡಿಸಬೇಕು. ಬೆರಳು ಅಲಗಿನಿಂದ ಕೂದಲೆಳೆ ದೂರದಲ್ಲಿ ಓಡಾಡುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ರಾತ್ರಿ ಹನ್ನೊಂದರವರೆಗೂ ಮಾತಾಡುತ್ತಾ ಸುಲಿಯುತ್ತಾರೆ. ಆ ಸಣ್ಣ ಗಾಯದಿಂದ ಎರಡು ಗಂಟೆ ರಕ್ತ ಹರಿದಿತ್ತು. ಹಾಗಾಗಿ ನೋಡುತ್ತಾ ಕೂರುವ ದಾರಿ ಇವಳಿಗೆ ಒಗ್ಗುವಂಥದ್ದಲ್ಲ.

ಎಲ್‌ಟ್ರಾಂಬೋಪ್ಯಾಗ್ ಬಗ್ಗೆ ಡಾಕ್ಟರಿಗೆ ಒಲವಿತ್ತು. ಅದು ಶಕ್ತಿ ತಗ್ಗಿಸುವುದಿಲ್ಲ. ಮೂಳೆಮಜ್ಜೆಗೆ ಹೆಚ್ಚು ಪ್ಲೇಟ್‌ಲೆಟ್ ಮಾಡು ಅಂತ ಸೂಚನೆ ಕೊಡುತ್ತದೆ. ಒಂದೆರಡು ವಾರದಲ್ಲೇ ಫಲ ಕಾಣುತ್ತದೆ. ಈಗಿನ ಮಾರ್ಗಸೂಚಿಗಳಲ್ಲಿ ಎರಡನೇ ಹಂತಕ್ಕೆ ಮುಂದೆ ನಿಲ್ಲುವ ಔಷಧಿಗಳಲ್ಲಿ ಇದೂ ಒಂದು. ಆದರೆ ಬಹಳ ಜನರಿಗೆ ನಿಲ್ಲಿಸಿದರೆ ಲೆಕ್ಕ ಬೀಳುತ್ತದೆ, ವರ್ಷಗಟ್ಟಲೆ ಬೇಕಾಗಬಹುದು. ತಿಂಗಳಿಗೆ ಸಾವಿರಗಟ್ಟಲೆ ಖರ್ಚು. ಹಾಲು, ಮೊಸರು, ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಇವುಗಳನ್ನು ಈ ಔಷಧಿ ನುಂಗುವ ನಾಲ್ಕು ಗಂಟೆ ಮೊದಲೂ ನುಂಗಿ ಎರಡು ಗಂಟೆ ಆಗುವವರೆಗೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಔಷಧಿ ಅವಕ್ಕೇ ಅಂಟಿಕೊಂಡು ಹೊಟ್ಟೆಯಿಂದ ರಕ್ತಕ್ಕೆ ಹೋಗುವುದಿಲ್ಲ. ಅವಳಿಗೆ ಆಗ ಕಬ್ಬಿಣವೂ ಬೇಕಿತ್ತು, ಸ್ಟೀರಾಯ್ಡ್‌ನಿಂದಾಗಿ ಕ್ಯಾಲ್ಸಿಯಂ ಕೂಡ. ಎರಡನೇ ಮಗುವಿನ ಆಸೆಯೂ ಇತ್ತು. ಗರ್ಭಿಣಿಯರಲ್ಲಿ ಇದರ ಅನುಭವ ಕಡಿಮೆ. ಪಟ್ಟಿಯಲ್ಲಿ ಇಟ್ಟುಕೊಂಡೆವು, ಮೊದಲ ಸ್ಥಾನ ಕೊಡಲಿಲ್ಲ.

ಗುಲ್ಮ ತೆಗೆಸುವುದು ತುಂಬಾ ಹಳೆಯ ಚಿಕಿತ್ಸೆ. 1916ರಲ್ಲಿ ಪ್ರಾಗ್‌ನಲ್ಲಿ ಪಾಲ್ ಕಾಜ್ನೆಲ್ಸನ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಸಲಹೆ ಕೊಟ್ಟು ಮಾಡಿಸಿದ್ದು ಇದು. ಮೂವರಲ್ಲಿ ಇಬ್ಬರಿಗೆ ಬಹುಕಾಲ ಫಲ ಸಿಗುತ್ತದೆ. ಆದರೆ ಆಮೇಲೆ ಕೆಲವು ಸೋಂಕುಗಳು ಜೀವನಪೂರ್ತಿ ಅಪಾಯ. ಲಸಿಕೆಗಳನ್ನು ಕನಿಷ್ಠ ಎರಡು ವಾರ ಮೊದಲೇ ಹಾಕಿಸಬೇಕು. ತಂಗಿ ಕಡ್ಡಿ ಮುರಿದ ಹಾಗೆ ಬೇಡ ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ರಿಟುಕ್ಸಿಮ್ಯಾಬ್ ಆಗಲಿ ಅಂತ ಹಟ ಹಿಡಿದವಳು ನಾನು. ವಾರಕ್ಕೊಂದರಂತೆ ನಾಲ್ಕು ಸಲ ಏರಿಸಿಕೊಂಡರೆ ಮುಗಿಯಿತು, ದಿನಾ ಗುಳಿಗೆಯ ಗೊಡವೆ ಇಲ್ಲ ಅನ್ನುವುದು ನನ್ನ ತರ್ಕ. ಸುಮಾರು ಶೇ. 60ರಷ್ಟು ಜನರಲ್ಲಿ ಮೊದಲು ಪ್ಲೇಟ್‌ಲೆಟ್ ಏರುತ್ತದೆ. ಐದು ವರ್ಷದ ಹೊತ್ತಿಗೆ ಆ ಫಲ ಉಳಿಯುವುದು ಐದರಲ್ಲಿ ಒಬ್ಬರಿಗೆ, ಅಥವಾ ಸ್ವಲ್ಪ ಜಾಸ್ತಿ ಜನರಿಗೆ. ಪ್ರತಿಕಾಯ ಮಾಡುವ ಬಿ ಕಣಗಳನ್ನೇ ತಿಂಗಳುಗಟ್ಟಲೆ ಅಳಿಸಿಬಿಡುವುದರಿಂದ, ಒಮ್ಮೆ ಒಳಗೆ ಹೋದ ಮೇಲೆ ತೊಂದರೆ ಬಂದರೆ ವಾಪಸ್ ತೆಗೆಯಲು ಆಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಯಕೃತ್ತಿನಲ್ಲಿ ಎಲ್ಲೋ ಅಡಗಿದ್ದರೆ ಅದು ಭುಗಿಲೇಳಬಹುದು. ಹಾಗಾಗಿ ಮೊದಲು ಎರಡು ಪರೀಕ್ಷೆ ಕಡ್ಡಾಯ: ವೈರಸ್ ಈಗ ಇದೆಯಾ ಅನ್ನುವುದು, ಹಿಂದೆ ಬಂದು ಹೋಗಿದೆಯಾ ಅನ್ನುವುದು.

ಮೊದಲನೆಯದು ನೆಗೆಟಿವ್. ಎರಡನೆಯದು, ಅಂದರೆ ಕೋರ್ ಪ್ರತಿಕಾಯ, ಪಾಸಿಟಿವ್.

ಮನೆಯಲ್ಲಿ ಮತ್ತೊಂದು ಸಿಡಿಲು. ಅವಳ ಗಂಡ ತನಗೂ ಮಗಳಿಗೂ ಪರೀಕ್ಷೆ ಮಾಡಿಸಿದರು, ಇಬ್ಬರಿಗೂ ಏನಿಲ್ಲ. ಡಾಕ್ಟರು ಮಾತ್ರ ಗಾಬರಿಯಾಗಲಿಲ್ಲ. ಫೈಲು ತಿರುವಿ ಐವಿಐಜಿ ಕೊಟ್ಟ ತಾರೀಖು ನೋಡಿದರು. ಐದು ವಾರ ಆಗಿತ್ತು. "ಈ ಪ್ರತಿಕಾಯ ಅವರದ್ದಲ್ಲದೇ ಇರಬಹುದು, ದಾನಿಗಳದ್ದಿರಬಹುದು" ಅಂದರು. ಸಾವಿರಾರು ಜನರ ಪ್ರತಿಕಾಯ ಆ ಬಾಟ್ಲಿಯಲ್ಲಿ ಇರುತ್ತದಲ್ಲ. ಅದರಲ್ಲಿ ಹೆಪಟೈಟಿಸ್ ಬಿ ಬಂದು ಹೋದವರದ್ದೂ ಸೇರಿರುತ್ತದೆ. ಪರೀಕ್ಷೆ ಯಾರದ್ದು ಅಂತ ಕೇಳುವುದಿಲ್ಲ, ಇದೆ ಅಂತ ಮಾತ್ರ ಹೇಳುತ್ತದೆ. ಅವು ಕರಗಲು ಕೆಲವು ತಿಂಗಳು ಬೇಕು. ವೈರಸ್‌ನ ಡಿಎನ್‌ಎ ಹುಡುಕುವ ಪರೀಕ್ಷೆ ಮಾಡಿಸಿದರು, ಸಿಗಲಿಲ್ಲ. ಆದರೂ ಕೆಲವು ತಿಂಗಳು ಬಿಟ್ಟು ಮತ್ತೆ ನೋಡುವವರೆಗೆ ರಿಟುಕ್ಸಿಮ್ಯಾಬ್ ಕೊಡುವುದಿದ್ದರೆ ವೈರಸ್ ತಡೆಯುವ ಗುಳಿಗೆಯನ್ನೂ ಜೊತೆಗೆ ಕೊಡಬೇಕು, ಮುಗಿದ ಮೇಲೂ ವರ್ಷಕ್ಕಿಂತ ಜಾಸ್ತಿ ಮುಂದುವರಿಸಬೇಕು ಅಂದರು. ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಐವಿಐಜಿ ಏರಿಸುವ ಮೊದಲೇ ಒಂದು ಟ್ಯೂಬು ರಕ್ತ ತೆಗೆದು ಈ ಪರೀಕ್ಷೆ ಮಾಡಿಸಿಟ್ಟಿದ್ದರೆ ನಮ್ಮ ಮನೆಯ ಆ ವಾರಗಳ ಸಂಕಟ ತಪ್ಪುತ್ತಿತ್ತು. ಐಟಿಪಿ ಇರುವ ಯಾರ ಮನೆಯವರಾದರೂ ಇದನ್ನು ಓದುತ್ತಿದ್ದರೆ ಈ ಒಂದು ಮಾತನ್ನು ಡಾಕ್ಟರ ಹತ್ತಿರ ಕೇಳಿಡಿ.

ಉಳಿದಿದ್ದು ಗುಳಿಗೆಗಳು. ಮೈಕೋಫಿನೊಲೇಟ್ ಒಳ್ಳೆಯ ಔಷಧಿ. 2021ರಲ್ಲಿ ಬ್ರಿಟನ್ನಿನಲ್ಲಿ 120 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಶುರುವಿನಲ್ಲೇ ಸ್ಟೀರಾಯ್ಡ್ ಜೊತೆ ಅದನ್ನು ಕೊಟ್ಟಾಗ ಚಿಕಿತ್ಸೆ ಸೋಲುವುದು ಅರ್ಧದಷ್ಟಾಯಿತು. ಆದರೆ ಅವರಲ್ಲಿ ಸುಸ್ತು ಹೆಚ್ಚಿತ್ತು. ಎಲ್ಲಕ್ಕಿಂತ ಮುಖ್ಯ, ಅದು ಗರ್ಭದ ಮಗುವಿಗೆ ಅಂಗವಿಕಲತೆ ತರುವ ಔಷಧಿ. ಎರಡನೇ ಮಗುವಿನ ಆಸೆ ಇರುವವಳಿಗೆ ಹೊಂದುವುದಿಲ್ಲ. ಡ್ಯಾಪ್ಸೋನ್ ನಮ್ಮ ದೇಶದಲ್ಲಿ ಕಡಿಮೆ ಬೆಲೆಗೆ ಸಿಗುವ ದಾರಿ. ಜಿ6ಪಿಡಿ ಅನ್ನುವ ಕಿಣ್ವದ ಪರೀಕ್ಷೆ ಮಾಡಿಸಿಯೇ ಕೊಡಬೇಕು, ಈ ಔಷಧಿಯಿಂದ ಕೆಂಪು ರಕ್ತಕಣ ಒಡೆಯುತ್ತದೆ. ಹಿಮೋಗ್ಲೋಬಿನ್ 8ರ ಆಸುಪಾಸು ಇರುವವಳಿಗೆ ಅದು ಬೇಡ ಅನ್ನಿಸಿತು.

ಅಜಥಯೋಪ್ರಿನ್ ಉಳಿಯಿತು. ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅನ್ನುವ ಇಬ್ಬರ ಕೆಲಸದಿಂದ ಹುಟ್ಟಿದ ಔಷಧಿ. ಅವರಿಗೆ 1988ರಲ್ಲಿ ನೊಬೆಲ್ ಬಂತು. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಟ್ಟು ಕೊಟ್ಟು ದಶಕಗಳ ಅನುಭವ ಇದೆ. ಅಗತ್ಯ ಇದ್ದರೆ ಬಸಿರಿನಲ್ಲೂ ಮುಂದುವರಿಸುತ್ತಾರೆ. ತಿಂಗಳಿಗೆ ಕೆಲವು ನೂರು ರೂಪಾಯಿ. ಕೊರತೆ ಎರಡು. ಒಂದು, ತುಂಬಾ ನಿಧಾನ. ಫಲ ಕಾಣಲು ಮೂರರಿಂದ ಆರು ತಿಂಗಳು, ಅಲ್ಲಿಯವರೆಗೆ ಸ್ಟೀರಾಯ್ಡ್ ಒಮ್ಮೆಲೆ ಬಿಡುವ ಹಾಗಿಲ್ಲ. ಎರಡು, ಬಿಳಿ ರಕ್ತಕಣ ಇಳಿಸಬಹುದು, ಯಕೃತ್ತಿಗೆ ತೊಂದರೆ ಕೊಡಬಹುದು, ಅಪರೂಪಕ್ಕೆ ಮೇದೋಜೀರಕದ ಉರಿಯೂತ. ವರ್ಷಾನುಗಟ್ಟಲೆ ತೆಗೆದುಕೊಂಡರೆ ಚರ್ಮದ ಮತ್ತು ದುಗ್ಧಗ್ರಂಥಿಯ (ಲಿಂಫ್) ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತದೆ. ಇದನ್ನು ಡಾಕ್ಟರು ಮುಚ್ಚಿಡಲಿಲ್ಲ. ತಂಗಿ ಪೂರ್ತಿ ಕೇಳಿಸಿಕೊಂಡು, "ಈ ತೊಂದರೆಗಳು ಬರುವ ಮೊದಲು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ?" ಅಂತ ಕೇಳಿದಳು. ಬಿಳಿ ಕಣ, ಯಕೃತ್ತು ಎರಡೂ ಗೊತ್ತಾಗುತ್ತವೆ, ಶಿರಸಿಯ ಲ್ಯಾಬಿನಲ್ಲೇ ಆಗುತ್ತದೆ ಅಂದರು.

"ಹಾಗಾದ್ರೆ ನಂಗೆ ಇದೇ ಇರಲಿ ಅಕ್ಕಾ" ಅಂದಳು. "ಇದನ್ನ ನಾನು ಮನೇಲಿ ಇದ್ದೇ ಕಾಯಬಹುದು. ನೀನು ಹೇಳೋ ರಿಟುಕ್ಸಿಮ್ಯಾಬ್ ಆದ್ರೆ ಹುಬ್ಬಳ್ಳಿಗೆ ಹೋಗಿ ಕಾಯಬೇಕು."

ಕಾಯುವುದು. ಮಂಗ ಬಾರದ ಹಾಗೆ ತೋಟ ಕಾಯುವವಳ ಬಾಯಲ್ಲಿ ಆ ಮಾತು ಸಹಜವಾಗಿಯೇ ಬಂತು. ನಾನು ನೋಡಿದ್ದು ಯಾವ ಔಷಧಿಯ ಫಲ ಜಾಸ್ತಿ ಅನ್ನುವುದನ್ನು. ಅವಳು ನೋಡಿದ್ದು ಯಾವ ಔಷಧಿಯ ಕೇಡನ್ನು ತನ್ನ ಮನೆಯಿಂದ ಗಮನಿಸಲು ಸಾಧ್ಯ ಅನ್ನುವುದನ್ನು. ಬೆಂಗಳೂರಿನಲ್ಲಿ ಇದ್ದವಳಾಗಿದ್ದರೆ, ಕೈಯಲ್ಲಿ ದುಡ್ಡು ಹೆಚ್ಚು ಇದ್ದರೆ, ಎಲ್‌ಟ್ರಾಂಬೋಪ್ಯಾಗ್ ಆಯ್ದುಕೊಳ್ಳುವುದೇ ಸರಿ ಇರುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವಳು ಇರುವಲ್ಲಿ ಅವಳ ಆಯ್ಕೆಯೇ ಸರಿ.

ಶುರು ಮಾಡುವ ಮೊದಲು ಟಿಪಿಎಂಟಿ, ನುಡ್ಟ್15 ಅನ್ನುವ ಎರಡು ಜೀನ್‌ಗಳ ಪರೀಕ್ಷೆಗೆ ರಕ್ತ ಬೆಂಗಳೂರಿಗೆ ಹೋಯಿತು. ಈ ಜೀನ್‌ಗಳಲ್ಲಿ ವ್ಯತ್ಯಾಸ ಇರುವವರಿಗೆ ಮಾಮೂಲಿ ಪ್ರಮಾಣದ ಅಜಥಯೋಪ್ರಿನ್ ಕೂಡ ಬಿಳಿ ಕಣಗಳನ್ನು ಪಾತಾಳಕ್ಕೆ ಇಳಿಸುತ್ತದೆ. ಏಷ್ಯಾದವರಲ್ಲಿ ಎರಡನೆಯದು ಹೆಚ್ಚು ಮುಖ್ಯ. ಎರಡೂ ಸರಿ ಇದ್ದವು. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಸಿ ಇಲ್ಲ ಅಂತ ಖಚಿತ ಮಾಡಿಕೊಂಡರು. ನ್ಯುಮೋನಿಯಾ ಮತ್ತು ಫ್ಲೂ ಲಸಿಕೆ ಹಾಕಿಸಿದೆವು.

ನಾನು ಮಾಡಿದ ಕೆಲಸ ಬೇರೆ. ಅವರ ಮನೆಗೆ ಹೋಗಿ ಗುಳಿಗೆ ಡಬ್ಬಿ ಕೇಳಿದೆ. ಹಳೇ ಬಿಸ್ಕೀಟಿನ ತಗಡಿನ ಡಬ್ಬಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಿ. ಮನೆಯ ಐದೂ ಜನರ ಗುಳಿಗೆ ಅದರಲ್ಲೇ. ನೆಲಕ್ಕೆ ಸುರಿದು ಒಂದೊಂದೇ ನೋಡಿದೆ. ಮಾವನಿಗೆ ಗೌಟ್ ಅನ್ನುವ ಕೀಲು ನೋವಿನ ಕಾಯಿಲೆ ಇದೆ, ಅದರ ಗುಳಿಗೆ ಅಲೋಪ್ಯುರಿನಾಲ್ ಇತ್ತು. ಕತ್ತರಿಸಿದ ಪಟ್ಟಿ, ಹೆಸರಿನ ಅರ್ಧ ಮಾತ್ರ ಉಳಿದಿದೆ. ಸ್ಟೀರಾಯ್ಡ್ ಇಳಿಸುವಾಗ ಕೀಲು ನೋಯುವುದುಂಟು. "ನಿಂಗೂ ಕಾಲು ನೋವಾ? ನನ್ನ ಗುಳಿಗೆ ಒಂದು ತಗೋ" ಅಂತ ಮಾವ ಪ್ರೀತಿಯಿಂದ ಕೊಡುವುದು ನಮ್ಮ ಮನೆಗಳಲ್ಲಿ ದಿನಾ ನಡೆಯುವ ಮಾತು. ಅಲೋಪ್ಯುರಿನಾಲ್ ಅಜಥಯೋಪ್ರಿನ್ ಜೊತೆ ಸೇರಿದರೆ, ಅಜಥಯೋಪ್ರಿನ್ ಕರಗುವ ದಾರಿಯೇ ಕಟ್ಟಿಹೋಗುತ್ತದೆ. ಮೂಳೆಮಜ್ಜೆ ಕುಸಿದು ಜೀವಕ್ಕೇ ಬರಬಹುದು. ಅದೇ ಡಬ್ಬಿಯಲ್ಲಿ ಐಬುಪ್ರೊಫೆನ್ ಇತ್ತು, ಡೈಕ್ಲೊಫೆನಾಕ್ ಇತ್ತು, ಆಸ್ಪಿರಿನ್ ಇತ್ತು. ಮೂರೂ ಇರುವ ಚೂರುಪಾರು ಪ್ಲೇಟ್‌ಲೆಟ್‌ಗಳ ಕೆಲಸವನ್ನೇ ಕೆಡಿಸುವಂಥವು. ತಂಗಿಗೆ ಬೇರೆ ಸ್ಟೀಲ್ ಡಬ್ಬಿ ಮಾಡಿದೆ. ನೋವಿಗೆ, ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಅಂತ ಮುಚ್ಚಳದ ಮೇಲೆ ಬರೆದೆ.

ಅಮೃತಬಳ್ಳಿ ವಿಷಯ ಅತ್ತೆಯವರ ಹತ್ತಿರ ಹೇಳುವುದು ಕಷ್ಟವಾಯಿತು. ಅವರ ಕೈ ಹಿಡಿದುಕೊಂಡೇ ಹೇಳಿದೆ. ಇವಳ ಕಾಯಿಲೆಯಲ್ಲಿ ಆ ಶಕ್ತಿ ಕಡಿಮೆ ಆಗಿಲ್ಲ, ದಾರಿ ತಪ್ಪಿದೆ. ಅದನ್ನು ಹುರಿದುಂಬಿಸುವುದು ಬೇಡ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ತೆಗೆದುಕೊಂಡವರಲ್ಲಿ ಯಕೃತ್ತಿನ ತೊಂದರೆ ಕಂಡಿದ್ದನ್ನು ವರದಿ ಮಾಡಿದ್ದರು. ಹೊಸ ಗುಳಿಗೆಗೂ ಯಕೃತ್ತನ್ನೇ ಕಾಯಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬರೀ ಜೀರಿಗೆ ನೀರು ಕೊಡಲಾ?" ಅಂತ ಕೇಳಿದರು. ಕೊಡಿ ಅಂದೆ.

ನವೆಂಬರ್‌ನಲ್ಲಿ 50 ಮಿ.ಗ್ರಾಂ ಶುರು. ಎರಡು ವಾರದ ಮೇಲೆ 100. ಮೊದಲ ಎಂಟು ವಾರ, ವಾರಕ್ಕೊಂದು ಸಲ ರಕ್ತ ಪರೀಕ್ಷೆ. ಆರನೇ ವಾರ ಬಿಳಿ ಕಣ 2,900ಕ್ಕೆ ಬಂತು. ಅವಳಿಗೆ ಏನೂ ಅನ್ನಿಸಿರಲಿಲ್ಲ, ಜ್ವರವಿಲ್ಲ, ಸುಸ್ತಿಲ್ಲ. ಪರೀಕ್ಷೆ ತಪ್ಪಿಸಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಒಂದು ವಾರ ನಿಲ್ಲಿಸಿ, 75 ಮಿ.ಗ್ರಾಂಗೆ ಇಳಿಸಿ ಮುಂದುವರಿಸಿದರು. ಆಮೇಲೆ ಬಿಳಿ ಕಣ 4,000ದ ಮೇಲೇ ನಿಂತಿದೆ.

ಆ ವರ್ಷ ಅವಳು ಮೆಟ್ಟುಗತ್ತಿಗೆ ಕೂರಲಿಲ್ಲ. ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ಎಲೆ, ತರಲೂ ಹೋಗಲಿಲ್ಲ. ಡಿಸೆಂಬರ್‌ನಿಂದ ಮೇ ತನಕ ಒಣ ಎಲೆಯ ನಡುವೆ ಉಣುಗು ಇರುವ ಕಾಲ, ಅದು ಹರಡುವ ಮಂಗನ ಕಾಯಿಲೆಯ ಕಾಲ. 2024ರಲ್ಲಿ ಪಕ್ಕದ ಸಿದ್ದಾಪುರ ತಾಲೂಕಿನಲ್ಲಿ ಅದು ಎಷ್ಟು ಜೋರಾಗಿತ್ತು ಅನ್ನುವುದು ನಮ್ಮ ಕಡೆಯವರಿಗೆ ಮರೆತಿಲ್ಲ. ಹಳೆಯ ಲಸಿಕೆ ನಿಂತುಹೋಗಿದೆ. ಆ ಜ್ವರವೂ ಪ್ಲೇಟ್‌ಲೆಟ್ ಇಳಿಸುತ್ತದೆ, ಬಿಳಿ ಕಣ ಇಳಿಸುತ್ತದೆ. ಅವಳಿಗೆ ಬಂದರೆ ಕಾಯಿಲೆಯದ್ದೋ, ಗುಳಿಗೆಯದ್ದೋ, ವೈರಸ್‌ನದ್ದೋ ಅಂತ ಬಿಡಿಸುವುದೇ ಕಷ್ಟ. ಅವಳ ಗಂಡ ಉಣುಗು ಕಚ್ಚದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು.

ಮಾರ್ಚ್‌ನಲ್ಲಿ ಒಂದು ಸಂಜೆ ಅವಳಿಗೆ 101 ಡಿಗ್ರಿ ಜ್ವರ. ನಮ್ಮ ನಿಯಮ 100.4 ದಾಟಿದರೆ ಅವತ್ತೇ ಆಸ್ಪತ್ರೆ. ರಾತ್ರಿ ಎಂಟಕ್ಕೆ ಶಿರಸಿ ತಲುಪಿದರು. ನಾನು ದೇವಿಮನೆ ಘಟ್ಟ ಹತ್ತಿ ಹೋಗುವಷ್ಟರಲ್ಲಿ ಹತ್ತೂವರೆ. ಬಿಳಿ ಕಣ ಸರಿ ಇತ್ತು, ಪ್ಲೇಟ್‌ಲೆಟ್ 34,000. ಮಂಗನ ಕಾಯಿಲೆಗೆ ಕಳಿಸಿದ ಮಾದರಿ ನೆಗೆಟಿವ್ ಬಂತು. ಮಗಳ ಶಾಲೆಯಿಂದ ಬಂದ ನೆಗಡಿ ಜ್ವರ ಅಷ್ಟೇ. ಅದೇ ತಿಂಗಳು ಹೆಪಟೈಟಿಸ್ ಬಿ ಕೋರ್ ಪ್ರತಿಕಾಯ ಮತ್ತೆ ನೋಡಿದರು. ನೆಗೆಟಿವ್. ದಾನಿಗಳದ್ದು ಕರಗಿಹೋಗಿತ್ತು.

ಏಪ್ರಿಲ್‌ನಲ್ಲಿ 46,000. ಪ್ರೆಡ್ನಿಸೊಲೋನ್ 7.5, 5, 2.5 ಅಂತ ನಿಧಾನವಾಗಿ ಇಳಿಸಿ ಮೇ ಕೊನೆಗೆ ಪೂರ್ತಿ ನಿಲ್ಲಿಸಿದರು. ಇಷ್ಟು ಕಾಲ ತೆಗೆದುಕೊಂಡಿದ್ದನ್ನು ಒಮ್ಮೆಲೆ ಬಿಟ್ಟರೆ ದೇಹದ ಸ್ವಂತ ಸ್ಟೀರಾಯ್ಡ್ ಎಚ್ಚರವಾಗಿರುವುದಿಲ್ಲ, ಕುಸಿದು ಬೀಳಬಹುದು. ಜುಲೈನಲ್ಲಿ ಸ್ಟೀರಾಯ್ಡ್ ಇಲ್ಲದೆಯೇ 52,000. ಮುಟ್ಟಿನ ಮೊದಲ ಎರಡು ದಿನ ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ, ಅಷ್ಟರಲ್ಲೇ ಸುಧಾರಿಸುತ್ತಿದೆ. ಹಿಮೋಗ್ಲೋಬಿನ್ 11.4. ಮುಖದ ಊತ ಇಳಿದಿದೆ. ಸಕ್ಕರೆ ಸರಿಯಾಗಿದೆ. ಮುಖ್ಯವಾಗಿ, ಅವಳಿಗೆ ನಿದ್ದೆ ಬರುತ್ತಿದೆ.

52,000 ಅನ್ನುವುದು ಗುಣವಾದ ಲೆಕ್ಕ ಅಲ್ಲ. ಕೆಲವರು ಇದನ್ನು ಸೋಲು ಅನ್ನಬಹುದು. ನಾನು ಹಾಗೆ ಅನ್ನುವುದಿಲ್ಲ. ರಕ್ತ ಸೋರುತ್ತಿಲ್ಲ, ಸ್ಟೀರಾಯ್ಡ್ ಬಿಟ್ಟಿದೆ, ಮನೆ ಕೆಲಸ ನಡೆಯುತ್ತಿದೆ. ಲೆಕ್ಕ ಮತ್ತೆ ಬಿದ್ದರೆ ಎಲ್‌ಟ್ರಾಂಬೋಪ್ಯಾಗ್ ಇದೆ, ರಿಟುಕ್ಸಿಮ್ಯಾಬ್‌ನ ಬಾಗಿಲೂ ಈಗ ತೆರೆದಿದೆ.

ಮುಂದಿನ ಭೇಟಿ ಅಕ್ಟೋಬರ್ ಮೊದಲ ವಾರ. ಪ್ರತಿ ಸಲ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದವಳು ನಾನು. ಈ ಸಲ ಅವಳೇ ಬರೆದು ಫೋಟೋ ಕಳಿಸಿದ್ದಾಳೆ. ಮೂರು ಪ್ರಶ್ನೆ. ಈ ಗುಳಿಗೆ ಇನ್ನೆಷ್ಟು ವರ್ಷ? ಇದೇ ಗುಳಿಗೆಯಲ್ಲಿ ಇದ್ದುಕೊಂಡು ಮಗು ಮಾಡಿಕೊಳ್ಳಬಹುದಾ, ಹೆರಿಗೆ ಹೊತ್ತಿಗೆ ಪ್ಲೇಟ್‌ಲೆಟ್ ಎಷ್ಟಿರಬೇಕು? ಮೂರನೆಯದನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದಾಳೆ: ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡರೆ ಈ ಸುಗ್ಗಿಗೆ ಮೆಟ್ಟುಗತ್ತಿಗೆ ಕೂರಬಹುದಾ?